ಹತ್ತಕ್ಕೆ ಆರು ಅಂಕದ ಪತ್ರ

ಇಂಗ್ಲಿಷ್ ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗೊಮ್ಮೆ ಈಗೊಮ್ಮೆ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿದು, "ಮೇಡಮ್, ಹಳ್ಳಿ ಹುಡುಗರಿಗೆ ಇಂಗ್ಲಿಷ್ ಕಾದಂಬರಿ ಹೆಂಗ ಕಲಿಸ್ತಿದ್ರಿ? ಏನಾರ ಉಪಾಯ ಹೇಳ್ರಿ" ಅನ್ನುತ್ತಾರೆ. ನನ್ನ ಹತ್ತಿರ ಒಂದು ಭಾರೀ ಉಪಾಯವಿತ್ತು. ಅದರಿಂದ ಏನಾಯಿತು ಅಂತ ಮಾತ್ರ ಯಾರಿಗೂ ಪೂರ್ತಿ ಹೇಳಿಲ್ಲ. ಈಗ ನಿವೃತ್ತಿಯಾಗಿ ಕೂತಿದ್ದೇನೆ, ಬರೆದುಬಿಡುತ್ತೇನೆ. ಓದಿದ ಮೇಲೂ ಉಪಾಯ ಬೇಕು ಅನ್ನಿಸಿದರೆ ಬರ್ರಿ, ಚಹಾ ಅಂತೂ ಇದ್ದೇ ಇರುತ್ತದೆ.

ನಾನು ಧಾರವಾಡದವಳು. ಎಪ್ಪತ್ತರ ದಶಕದ ನಡುವೆ ಕೊಪ್ಪಳದ ಒಂದು ಕಾಲೇಜಿಗೆ ಉಪನ್ಯಾಸಕಿಯಾಗಿ ಬಂದೆ. ಮೊದಲ ದಿನ ಇಡೀ ತಾಸು ಒಂದೂ ಕನ್ನಡ ಶಬ್ದ ಬಳಸದೆ ಮಾತಾಡಿದೆ. ನನಗೆ ನಾನೇ ಶಭಾಷ್ ಅಂದುಕೊಂಡೆ. ಗಂಟೆ ಹೊಡೆದಾಗ ಹಿಂದಿನ ಬೆಂಚಿನವನೊಬ್ಬ ಎದ್ದು ಬಲು ಮರ್ಯಾದೆಯಿಂದ ಕೇಳಿದ: "ಭಾಳ ಛಲೋ ಮಾತಾಡಿದ್ರಿ ಮೇಡಮ್. ಇದು ಯಾವ ವಿಷಯದ ಪಿರಿಯಡ್ ರೀ?" ಕ್ಲಾಸು ಗೊಳ್ಳೆಂದಿತು. ನನಗೆ ಅಳು ಬಂದಿತ್ತು, ಆದರೆ ಸಿಟ್ಟು ಮಾಡಿ ತೋರಿಸಿದೆ. ಮೊದಲಿನಿಂದಲೂ ನನ್ನದು ಅದೇ ರೋಗ.

ಪಿಯುಸಿಗೆ ಪಠ್ಯವಾಗಿ ಒಂದು ಹಳೆಯ ಇಂಗ್ಲಿಷ್ ಕಾದಂಬರಿಯನ್ನು ಇಟ್ಟಿದ್ದರು, ಕತ್ತರಿಸಿ ಕಿರಿದು ಮಾಡಿದ್ದು. ಹೆಸರು ಬೇಡ. ಆ ಕಾಲದ ಇಂಗ್ಲಿಷ್ ಕಾದಂಬರಿಗಳಲ್ಲಿ ಅರ್ಧಕ್ಕರ್ಧ ಇದೇ ಕಥೆ. ಊರಿಗೆ ದೊಡ್ಡ ಮನೆಯ ಮಗಳು, ಅವರ ಜಮೀನು ಗೇಣಿಗೆ ಮಾಡುವವನ ಮಗ. ಅವನು ಕುದುರೆಗೆ ಲಾಳ ಹೊಡೆಯುವ ಕೆಲಸದವನು. ಇಬ್ಬರಿಗೂ ಪ್ರೀತಿ. ಕೊನೆಗೆ ಅವಳು ಮನೆತನ ನೋಡಿ ಸರೀಕರ ಮನೆಗೆ ಮದುವೆಯಾಗಿ ಹೋಗುತ್ತಾಳೆ, ಅವನು ಹಡಗು ಹತ್ತಿ ದೇಶ ಬಿಡುತ್ತಾನೆ. ನಾನು ಎಷ್ಟು ತಿಣುಕಿ ವಿವರಿಸಿದರೂ ಹುಡುಗರಿಗೆ ಒಂದು ಸಂಶಯ ಹೋಗಲಿಲ್ಲ. "ಇಬ್ಬರೂ ಕೆಂಪಗ ಅದಾರ, ಇಬ್ಬರೂ ಒಂದ ಚರ್ಚಿಗೆ ಹೊಕ್ಕಾರ. ಜಾತಿ ಒಂದ ಆತಲ್ರಿ ಮೇಡಮ್. ಮತ್ಯಾಕ ಹೆಣ್ಣ ಕೊಡವಲ್ರು?" ಅಂತ ಕೇಳಿದರು. ಆ ಪ್ರಶ್ನೆಗೆ ಧಾರವಾಡದ ನನ್ನ ಪ್ರೊಫೆಸರರ ನೋಟ್ಸಿನಲ್ಲಿ ಉತ್ತರವಿರಲಿಲ್ಲ.

ಆಗ ಹೊಳೆದದ್ದು ಆ ಉಪಾಯ. ಕಥೆಯನ್ನು ಎತ್ತಿ ಕೊಪ್ಪಳಕ್ಕೆ ತಂದುಬಿಟ್ಟೆ. ದೊಡ್ಡ ಮನೆ ಗೌಡರ ವಾಡೆಯಾಯಿತು. ಗೇಣಿದಾರ, ಇಲ್ಲಿನವರ ಮಾತಿನಲ್ಲಿ ಲಾವಣಿ ಮಾಡುವವನಾದ. ಕುದುರೆ ಗಾಡಿ ಬಸ್ಸಾಯಿತು, ಲಾಳ ಹೊಡೆಯುವವನು ಸೈಕಲ್ ರಿಪೇರಿಯವನಾದ. ಅವನಿಗೆ ಯಮನೂರ ಅಂತ ಹೆಸರಿಟ್ಟೆ. ಈ ಸೀಮೆಯಲ್ಲಿ ಹಿಂದೂಗಳಲ್ಲಿ, ಮುಸಲ್ಮಾನರಲ್ಲಿ, ಯಾವ ಓಣಿಯಲ್ಲಿ ಕೂಗಿದರೂ ಒಬ್ಬ ಯಮನೂರ ಓ ಅನ್ನುತ್ತಾನೆ. ಉಳುವವನಿಗೇ ಹೊಲ ಅನ್ನುವ ಕಾನೂನು ಬಂದು, ಹಳ್ಳಿ ಹಳ್ಳಿಯಲ್ಲಿ ಒಡೆಯರೂ ಲಾವಣಿಯವರೂ ಭೂನ್ಯಾಯ ಮಂಡಳಿಯ ಮುಂದೆ ಎದುರಾಬದುರಾ ನಿಂತಿದ್ದ ಕಾಲ ಅದು. ಹುಡುಗರಿಗೆ ಕಥೆ ಒಂದೇ ಏಟಿಗೆ ತಿಳಿಯಿತು. ಹಿಂದಿನ ಬೆಂಚೂ ಬಾಯಿ ಮುಚ್ಚಿ ಕೇಳಿತು. ನನ್ನ ಕ್ಲಾಸಿಗೆ ಕಾಮರ್ಸಿನ ಹುಡುಗರೂ ಬಂದು ಕಿಟಕಿಗೆ ಜೋತುಬೀಳತೊಡಗಿದರು. ಪುಸ್ತಕವನ್ನು ಮಾತ್ರ ಯಾರೂ ತೆರೆಯುತ್ತಿರಲಿಲ್ಲ, ನಾನೇ ಇದ್ದೆನಲ್ಲ ಹೇಳಲಿಕ್ಕೆ.

ನಮ್ಮ ಪ್ರಿನ್ಸಿಪಾಲರು ಬಲು ಅಂಜುಬುರುಕ ಮನುಷ್ಯ. ಒಮ್ಮೆ ಕರೆದು, "ಮೇಡಮ್, ಸಿಲಬಸ್ ಮುಗಸ್ರಿ ಸಾಕು. ಗೌಡ್ರು, ಲಾವಣಿ, ಪ್ರೇಮ ಗೀಮ ಎಲ್ಲಾ ಯಾಕ ಬೇಕ್ರಿ ಮೈಮ್ಯಾಲ?" ಅಂದರು. "ಪ್ರೇಮ ಸಿಲಬಸ್ಸಿನಾಗ ಅದ ಸರ್, ನಾ ಏನ ಮಾಡ್ಲಿ?" ಅಂತ ನಾನು ತಿರುಗಿ ಕೇಳಿದ್ದೆ. ಆಗ ನನಗೆ ಇಪ್ಪತ್ತಾರು ವರ್ಷ, ಯಾರ ಮಾತೂ ನಾಟುತ್ತಿರಲಿಲ್ಲ.

ಅದೇ ವರ್ಷ ಆ ಕಾದಂಬರಿಯ ಸಿನಿಮಾ ಹುಬ್ಬಳ್ಳಿಯಲ್ಲಿ ಬಾಡಿಗೆಗೆ ಸಿಗುತ್ತದೆ ಅಂತ ಗೊತ್ತಾಯಿತು. ಡಬ್ಬಿಗಳನ್ನು ಬಸ್ಸಿನ ಮೇಲೆ ಹೇರಿ ತರಿಸಿದೆವು. ಟಾಕೀಸಿನಲ್ಲಿ ಮಷಿನ್ ಓಡಿಸುವ ಮೆಹಬೂಬಸಾಬ್ ಕಾಲೇಜಿನ ಹಾಲಿಗೆ ಬಂದು ಪ್ರೊಜೆಕ್ಟರ್ ಹೂಡಿದರು. ಮಧ್ಯಾಹ್ನವೇ ಒಬ್ಬರೇ ಕೂತು ಎಲ್ಲಾ ರೀಲು ನೋಡಿದರು. "ಕ್ಯಾ ಮೇಡಮ್, ಇದ್ರಾಗ ಮೂರ ಕಡೆ ಮುತ್ತ ಅದಾವ್ರಿ. ನೀವೇನ ಫಿಕರ್ ಮಾಡಬ್ಯಾಡ್ರಿ, ನನ್ನ ಕೈ ಐತಿ" ಅಂದರು. ಸಂಜೆ, ಹೇಳಿದಂತೆಯೇ, ಮುತ್ತು ಬರುವ ಮೊದಲು ಲೆನ್ಸಿಗೆ ಅಂಗೈ ಅಡ್ಡ ಹಿಡಿದರು. ಪರದೆ ಕತ್ತಲಾಗುತ್ತಿತ್ತು, ಹುಡುಗರು ಸಿಳ್ಳೆ ಹೊಡೆಯುತ್ತಿದ್ದರು. ಮೂರಕ್ಕೆ ಮೂರೂ ತಪ್ಪದೆ ಹಿಡಿದರು ಪುಣ್ಯಾತ್ಮರು.

ಕಾಲೇಜಿನ ಕಮಿಟಿಯಲ್ಲಿದ್ದ ಒಬ್ಬ ಗೌಡರು ಅಂದು ಅಧ್ಯಕ್ಷತೆಗೆ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಹಿಟ್ನಾಳದಿಂದ ಒಳಗೆ ಅವರ ಹಳ್ಳಿ. ಎತ್ತರದ ಆಳು, ಬಿಳೀ ರುಮಾಲು, ಕೆಟ್ಟವರೇನಲ್ಲ. ಸಿನಿಮಾದವರು ಕೊನೆ ಬದಲಾಯಿಸಿದ್ದರು. ಪುಸ್ತಕದಲ್ಲಿ ಅಗಲುವ ಜೋಡಿ ಸಿನಿಮಾದಲ್ಲಿ ಹಡಗುಕಟ್ಟೆಯ ಮೇಲೆ ಕೂಡುತ್ತದೆ, ತಂದೆಯೇ ಮಗಳ ಕೈ ಹಿಡಿದು ಅವನಿಗೆ ಒಪ್ಪಿಸುತ್ತಾನೆ. ನಾನು ನಡುನಡುವೆ ಮೈಕಿನಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೆ. ದೀಪ ಹತ್ತಿದಾಗ ಗೌಡರು ಶಲ್ಯದ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. "ಛಲೋ ಮಾಡಿದ ಆ ಅಪ್ಪ. ಪಾಪ, ಆ ಹುಡುಗ ಏನ ತಪ್ಪ ಮಾಡ್ಯಾನ?" ಅಂದು ಚಪ್ಪಾಳೆ ಹೊಡೆದರು. ಹಾಲಿಗೆ ಹಾಲೇ ಹೊಡೆಯಿತು.

ಅವರ ಮಗಳು ಅನ್ನಪೂರ್ಣ ನನ್ನ ಕ್ಲಾಸಿನಲ್ಲಿದ್ದಳು. ಮೂರನೆಯ ಬೆಂಚು, ಎರಡು ಜಡೆ, ಕೇಳಿದರಷ್ಟೇ ಮಾತು. ದಿನಾ ಹಿಟ್ನಾಳ ಕ್ರಾಸಿಗೆ ಬಂದು ಬಸ್ಸು ಹಿಡಿದು ಕೊಪ್ಪಳಕ್ಕೆ ಬರುತ್ತಿದ್ದಳು. ಆ ವಾಡೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ಅವಳೇ. ಅಣ್ಣ ಶರಣಗೌಡ ಎರಡು ಸಲ ಪಿಯುಸಿ ಫೇಲಾಗಿ ಮನೆ ಹಿಡಿದಿದ್ದ. ತಂಗಿ ಪಾಸಾಗಿಬಿಟ್ಟರೆ ಅನ್ನುವ ಸಂಕಟ ಅವನಿಗೆ.

ಸಿನಿಮಾ ಆದ ಮರುವಾರ ಪರೀಕ್ಷೆಯ ತಯಾರಿಗೆ ಅಂತ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಯಲು ಹೇಳಿದೆ. "ನಾಯಕಿ ನಾಯಕನಿಗೆ ಬರೆಯುವ ಪತ್ರ, ಒಂದು ಪುಟ. ಇಂಗ್ಲಿಷ್ ಹೆಸರು ಬೇಡ, ನಮ್ಮೂರಿನ ಹೆಸರೇ ಹಾಕಿ. ಯಮನೂರನಿಗೇ ಬರೆಯಿರಿ" ಅಂದೆ. ಎಲ್ಲರೂ ಬರೆದರು, ಗಂಡುಹುಡುಗರೂ ನಾಯಕಿಯಾಗಿ ಯಮನೂರನಿಗೆ ಬರೆದರು. ನೋಟುಬುಕ್ಕುಗಳನ್ನು ಒಂದೇ ಸಂಜೆ ಕೂತು ಸರಸರ ತಿದ್ದಿ ಮುಗಿಸಿದೆ. ಎಲ್ಲಿ ಶಬ್ದ ಬಿಟ್ಟುಹೋಗಿದೆ, ಎಲ್ಲಿ ಕಾಗುಣಿತ ತಪ್ಪಿದೆ ಅಂತ ಕಣ್ಣು ಅಷ್ಟನ್ನೇ ನೋಡುತ್ತಿತ್ತು. ಅನ್ನಪೂರ್ಣಳದಕ್ಕೆ ಹತ್ತಕ್ಕೆ ಆರು ಕೊಟ್ಟು, ಕೆಳಗೆ ಕೆಂಪು ಶಾಯಿಯಲ್ಲಿ "ಭಾವನೆ ಸಾಲದು" ಅಂತ ಬರೆದೆ. ಮರುದಿನ ಎಲ್ಲರಿಗೂ ಹಂಚಿದೆ.

ಮೂರು ದಿನ ಅವಳು ಕಾಲೇಜಿಗೆ ಬರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಎರಡನೇ ಪಿರಿಯಡ್ಡಿನಲ್ಲಿ ಸಿಪಾಯಿ ಓಡಿ ಬಂದ. "ಮೇಡಮ್, ಸಾಹೇಬ್ರು ಈಗಿಂದೀಗ ಬರಬೇಕಂತ. ಗೌಡ್ರು ಬಂದಾರ."

ಪ್ರಿನ್ಸಿಪಾಲರ ಕೋಣೆಯಲ್ಲಿ ಗೌಡರು ಕುರ್ಚಿಯಲ್ಲಿದ್ದರು, ಶರಣಗೌಡ ಅವರ ಹಿಂದೆ ನಿಂತಿದ್ದ. ಹೊರಗಿನ ವರಾಂಡದಲ್ಲಿ, ಕಿಟಕಿಯ ಸರಳಿನ ಆಚೆ, ಅನ್ನಪೂರ್ಣ. ಮುಖ ಬಾತಿತ್ತು. ಮೇಜಿನ ಮೇಲೆ ಅವಳ ನೋಟುಬುಕ್ಕು ತೆರೆದೇ ಇತ್ತು. ನನ್ನ ಕೆಂಪು ಶಾಯಿ ಬಾಗಿಲಿನಿಂದಲೇ ಕಂಡಿತು.

"ಅಕ್ಕೋರ" ಅಂದರು ಗೌಡರು, ದನಿ ಏರಿಸದೆ. "ನನ್ನ ಮಗಳು ಯಮನೂರಗ ಕಾಗದ ಬರದಾಳ. ಅದನ್ನ ನೀವು ತಿದ್ದೀರಿ. ಇನ್ನೂ ಜಾಸ್ತಿ ಭಾವನೆ ಹಾಕಿ ಬರಿ ಅಂದೀರಂತ. ನಮ್ಮ ಶರಣಪ್ಪ ಓದ್ಯಾನ."

"ಗೌಡ್ರ, ಅದು ಅಭ್ಯಾಸದ ಪತ್ರ. ಎಲ್ಲಾರಿಗೂ ಬರಸೀನಿ."

"ಹಿಟ್ನಾಳ ಕ್ರಾಸಿನಾಗ ಸೈಕಲ್ ಅಂಗಡಿ ಇಟ್ಟಾನಲ್ಲ ಯಮನೂರ, ಅವರಪ್ಪ ನಮ್ಮ ಹೊಲಾ ಲಾವಣಿ ಮಾಡವ. ಈಗ ಮಂಡಳ್ಯಾಗ ನನ್ನ ಮ್ಯಾಲೆ ಅರ್ಜಿ ಹಾಕ್ಯಾನ. ಹೊಲಾ ಕೇಳಿದ್ರು, ಆತು. ಈಗ ಮನಿ ಮಗಳಿಗೂ ಕೈ ಹಾಕಿದ್ರೇನ್ರಿ?"

ಅಂಥ ಒಬ್ಬ ಯಮನೂರ ನಿಜವಾಗಿ ಇದ್ದಾನೆಂದು ನನಗೆ ಗೊತ್ತಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಶರಣಗೌಡ ಮುಂದೆ ಬಂದು ಮೇಜಿಗೆ ಕೈ ಊರಿದ. "ಸುತ್ತುಬಳಸು ಯಾಕ ಬೇಕ್ರಿ? ಹೌದು ಅನ್ರಿ ಸಾಕು. ಇವತ್ತ ಮಧ್ಯಾಹ್ನದೊಳಗ ಅವನ ಎರಡೂ ಕಾಲ ಮುರದು ಅದ ಅಂಗಡ್ಯಾಗ ತೂಗಹಾಕತೀನಿ. ಇಕಿದು ಕಾಲೇಜ ಇವತ್ತಿಗೆ ಬಂದ್." ಪ್ರಿನ್ಸಿಪಾಲರು ಪೇಪರ್‌ವೇಟನ್ನು ಗಿರಗಿರ ತಿರುಗಿಸುತ್ತ ಕೂತಿದ್ದರು. ಆ ಸಪ್ಪಳಕ್ಕೆ ನನಗೆ ಅವರ ಕೈ ಹಿಡಿದು ನಿಲ್ಲಿಸಬೇಕೆನಿಸಿತು.

"ಗೌಡ್ರ, ಅವತ್ತ ಸಿನಿಮಾ ನೋಡಿ ನೀವ ಅಂದ್ರಿ, ಆ ಹುಡುಗ ಏನ ತಪ್ಪ ಮಾಡ್ಯಾನ ಅಂತ" ಅಂದೆ. ಯಾಕಾದರೂ ಅಂದೆನೋ.

"ಅಕ್ಕೋರ, ಪರದೆ ಮ್ಯಾಲೆ ಯಾರ ಮಗಳನ್ನ ಯಾರಿಗೆ ಕೊಟ್ರೂ ನನ್ನ ಗಂಟೇನ ಹೊಕ್ಕೈತಿ? ಅದು ಸಿನಿಮಾ. ಇದು ನನ್ನ ಮನಿ."

ಕ್ಲಾಸಿನ ಹುಡುಗರಿಂದ ಉಳಿದ ನೋಟುಬುಕ್ಕುಗಳನ್ನು ತರಿಸಿದೆ. ಒಂದೊಂದಾಗಿ ತೆರೆದು ತೋರಿಸಿದೆ. ಎಲ್ಲದರಲ್ಲೂ ಯಮನೂರ. ಕುಷ್ಟಗಿ ಕಡೆಯ ಹುಡುಗನೊಬ್ಬ "ಪ್ರಿಯ ಯಮನೂರ, ಬರುವಾಗ ಒಂದು ಚೀಲ ಶೇಂಗಾ ತಾ, ಅಪ್ಪನ ಸಿಟ್ಟು ಇಳಿಯುತ್ತದೆ" ಅಂತ ಬರೆದಿದ್ದ. ಅದನ್ನು ಓದಿ ಹೇಳಿದಾಗ ಗೌಡರ ಮೀಸೆ ಅಲುಗಿತು. "ಗಂಡಸ ಹುಡುಗರೂ ಯಮನೂರಗ ಬರದಾರೇನ್ರಿ?" ಅಂದರು. ಪ್ರಿನ್ಸಿಪಾಲರು ನಕ್ಕರು, ನಾನೂ ಉಸಿರು ಬಿಟ್ಟೆ.

ಶರಣಗೌಡ ನಗಲಿಲ್ಲ. "ಅವೆಲ್ಲಾ ಇರ್ಲಿ. ಇಕಿ ಬರದದ್ದ ಪೂರ್ತಿ ಓದ್ರಿ. ಕನ್ನಡದಾಗ ಹೇಳ್ರಿ. ನಾನೂ ನೋಡ್ಕೊಂತ ಇರತೀನಿ" ಅಂದು ನನ್ನ ಹೆಗಲ ಹಿಂದೆ ಬಂದು ನಿಂತು ಸಾಲಿಗೆ ಬೆರಳಿಟ್ಟ.

ಬಾಯಿ ಬಿಡುವ ಮೊದಲು ಒಳಗೊಳಗೇ ಓದತೊಡಗಿದೆ. ಮೊದಲ ಸಲ ಓದಿದೆ ಅನ್ನಬೇಕು. ಹಿಂದೆ ತಿದ್ದಿದ್ದು ಓದಿದ್ದಲ್ಲ. "ಬಸ್ಸು ತಡವಾದ ದಿನ ನಿನ್ನ ಅಂಗಡಿಯ ಸ್ಟೂಲನ್ನು ನನಗೆ ನೆರಳಿನಲ್ಲಿ ಹಾಕಿ ನೀನು ಬಿಸಿಲಿನಲ್ಲಿ ನಿಂತೆ" ಅಂತಿತ್ತು. ಇದು ಪುಸ್ತಕದಲ್ಲೂ ಇಲ್ಲ, ಸಿನಿಮಾದಲ್ಲೂ ಇಲ್ಲ, ನಾನು ಹೇಳಿದ ಕಥೆಯಲ್ಲೂ ಇಲ್ಲ.

"ಇಲ್ಲಿ ಸೈಕಲ್ ಅಂತ ಐತಿ. ಹಿಟ್ನಾಳ ಅಂತ ಐತಿ" ಅಂದ ಶರಣಗೌಡ.

"ಕುದುರಿ ಬದಲಿ ಸೈಕಲ್ ಹಾಕ್ರಿ, ನಿಮಗ ಗೊತ್ತಿದ್ದ ಊರ ಹಾಕ್ರಿ ಅಂತ ನಾನ ಹೇಳೀನಿ" ಅಂದೆ. ಅಷ್ಟು ನಿಜವೇ. ಆದರೆ ಕಣ್ಣು ಆಗಲೇ ಕೆಳಗಿನ ಸಾಲುಗಳಿಗೆ ಓಡಿತ್ತು. ಅಲ್ಲಿ ಹೀಗಿತ್ತು: "ಹೊಲದ ಕೇಸು ಮುಗಿಯುವವರೆಗೆ ಬಾಯಿ ಬಿಡಬೇಡ ಅಂತ ನೀನು ಅನ್ನುತ್ತೀ. ಆದರೆ ಅಪ್ಪ ಕೇಳಿದ ದಿನ ನಾನು ಸುಳ್ಳು ಹೇಳುವುದಿಲ್ಲ. ನನಗೆ ಹೆದರಿಕೆ ಇಲ್ಲ." ಆ ಸಾಲುಗಳಲ್ಲಿ ಅವಳು ಬಿಟ್ಟಿದ್ದ ಸಣ್ಣ ಸಣ್ಣ ಶಬ್ದಗಳನ್ನು ನಾನೇ ಕೆಂಪು ಶಾಯಿಯಲ್ಲಿ ಸೇರಿಸಿದ್ದೆ.

ಕಿಟಕಿಯತ್ತ ನೋಡಿದೆ. ಅನ್ನಪೂರ್ಣ ಸರಳು ಹಿಡಿದು ನನ್ನನ್ನೇ ನೋಡುತ್ತಿದ್ದಳು.

ಶರಣಗೌಡನ ಬೆರಳು ಒಂದು ಶಬ್ದದ ಮೇಲೆ ನಿಂತಿತು. "ಫಾದರ್ ಅಂತ ಐತಿ ನೋಡ್ರಿ. ಅಪ್ಪನ ಸುದ್ದಿ ಏನ ಬರದಾಳ?"

ನನಗೆ ತಿಳಿದಿದ್ದು ಒಂದೇ ವಿದ್ಯೆ, ಇಂಗ್ಲಿಷ್ ಪುಟ ಹಿಡಿದು ನನ್ನ ಮನಸ್ಸಿಗೆ ಬಂದ ಕಥೆ ಹೇಳುವುದು. ಅದನ್ನೇ ಮಾಡಿದೆ. ಪುಸ್ತಕದ ಕೊನೆಯನ್ನು ಎತ್ತಿ ಅವಳ ಬಾಯಿಗೆ ಹಾಕಿದೆ. "ನಮ್ಮ ವಾಡೆ ಬ್ಯಾರೆ, ನಿನ್ನ ಗುಡಿಸಲ ಬ್ಯಾರೆ. ನನ್ನ ಮರತ ಬಿಡು ಯಮನೂರ. ನಮ್ಮಪ್ಪ ತೋರಿಸಿದ ಮನಿಗೆ ನಾ ಸಂತೋಷದಿಂದ ಹೋಗತೀನಿ" ಅಂತ ಓದಿದೆ. ದನಿ ನಡುಗಲಿಲ್ಲ. ಅದೊಂದು ಹೇಗೆ ಸಾಧ್ಯವಾಯಿತೋ ನನಗೆ ಇಂದಿಗೂ ತಿಳಿಯದು.

ಆಮೇಲೆ ಗೌಡರು ರುಮಾಲು ತೆಗೆದು ತಲೆ ಒರೆಸಿಕೊಂಡರು. "ಶರಣ್ಯಾ, ಕತ್ತೆ ಹಂಗ ಎರಡ ಸಲ ಫೇಲಾಗಿ, ಇಲ್ಲಿ ಬಂದು ನನ್ನ ಮರ್ಯಾದಿ ಕಳದಿ" ಅಂದರು. ನನಗೆ ಕೈ ಮುಗಿದರು. "ತಪ್ಪಾತ್ರಿ ಅಕ್ಕೋರ. ವಾಡೇದ ಹೆಣ್ಣು ಹೆಂಗ ಬರೀಬೇಕ ಹಂಗ ಬರದಾಳ. ಪರೀಕ್ಷಾ ಬರೀಲಿ. ಎಷ್ಟ ಓದತಾಳ ಅಷ್ಟ ಓದಲಿ." ಹೊರಗೆ ಹೋಗಿ ಮಗಳ ತಲೆ ಸವರಿದರು. ಅವಳು ಅಪ್ಪನನ್ನು ನೋಡದೆ ನನ್ನ ಕಡೆಗೇ ನೋಡಿದಳು. ಆ ನೋಟದಲ್ಲಿ ಉಪಕಾರ ಸ್ಮರಣೆ ಇದೆ ಅಂದುಕೊಂಡೆ. ಮನೆಗೆ ಹೋಗಿ ಕದ ಹಾಕಿಕೊಂಡು ಅತ್ತೆ, ಹೆದರಿಕೆಗೂ ಅತ್ತೆ, ಹೆಮ್ಮೆಗೂ ಅತ್ತೆ.

ಹೆಮ್ಮೆ ಎಂಟು ದಿನ ಇತ್ತು. ಗೌಡರು ಖುಷಿಗೆ ಊರ ಚಾವಡಿಯಲ್ಲಿ ಕೂತು ಎಲ್ಲರೆದುರು ಹೇಳಿಕೊಂಡಿದ್ದರು. ನಮ್ಮ ಅನ್ನಪೂರ್ಣಿ ಇಂಗ್ಲಿಷಿನಾಗ ಕಾಗದ ಬರದಾಳ, ನನ್ನ ಮರತ ಬಿಡು ಯಮನೂರ ಅಂತ, ಕಾಲೇಜಿನ ಅಕ್ಕೋರು ಓದಿ ಹೇಳ್ಯಾರ ಅಂತ. ಆ ಮಾತು ಹಿಟ್ನಾಳ ಕ್ರಾಸಿಗೆ ಮುಟ್ಟಲು ಎಷ್ಟು ಹೊತ್ತು? ಮುಂದಿನ ವಾರ ಬಸ್ಸಿನಲ್ಲಿ ಹಾಯುವಾಗ ನೋಡಿದೆ. ಸೈಕಲ್ ಅಂಗಡಿ ಮುಚ್ಚಿತ್ತು. ಅವನು ಗೋವಾಕ್ಕೆ ದುಡಿಯಲು ಹೋದ ಅಂದರು. ವರ್ಷದ ಮೇಲೆ ಮಂಡಳಿಯಲ್ಲಿ ಹೊಲ ಅವನ ಅಪ್ಪನ ಪಾಲಿಗೆ ಬಂತು. ಉಳಲು ಮಗ ಇರಲಿಲ್ಲ.

ಅನ್ನಪೂರ್ಣ ಪಿಯುಸಿ ಪಾಸಾದಳು, ಬಿಎ ಮುಗಿಸಿದಳು. ನನಗೆ ಗಂಗಾವತಿಗೆ ವರ್ಗವಾಯಿತು. ಅಲ್ಲಿ ಕಾಲುವೆ ನೀರು, ಭತ್ತ, ಹಣ, ಹುಡುಗರ ಬಾಯಲ್ಲಿ ಅರ್ಧ ತೆಲುಗು. ಎಂಬತ್ತರ ದಶಕದಲ್ಲಿ ವಿಡಿಯೋ ಬಂತು. ಅದೇ ಕಾದಂಬರಿಯ ಸಿನಿಮಾ ಕ್ಯಾಸೆಟ್ಟಿನಲ್ಲಿ ಸಿಕ್ಕಿತು, ಲೆನ್ಸಿಗೆ ಕೈ ಹಿಡಿಯುವವರಿಲ್ಲದೆ ಮೂರೂ ಮುತ್ತು ಸಾಂಗವಾಗಿ ನಡೆದವು. ಹುಡುಗರು ಸಿಳ್ಳೆಯನ್ನೂ ಹೊಡೆಯಲಿಲ್ಲ. ನಾನೊಬ್ಬಳೇ ಹಿಟ್ನಾಳದ ಮುಚ್ಚಿದ ಅಂಗಡಿಯನ್ನು ನೆನೆದು ಎದ್ದು ಹೊರಗೆ ಬಂದೆ.

ಆ ದಶಕದ ಕೊನೆಗೆ ಕುಷ್ಟಗಿಯಲ್ಲಿ ಹೈಸ್ಕೂಲ್ ಇಂಗ್ಲಿಷ್ ಶಿಕ್ಷಕರಿಗೆ ಒಂದು ತರಬೇತಿ ಇತ್ತು. ನನ್ನನ್ನು ಮಾತಿಗೆ ಕರೆದಿದ್ದರು. ಕಾದಂಬರಿಯನ್ನು ಊರಿನ ಕಥೆಯಾಗಿ ಹೇಳುವ ನನ್ನ ಉಪಾಯವನ್ನೇ ವಿವರಿಸಿದೆ, ಎಲ್ಲರೂ ತಲೆದೂಗಿದರು. ಮುಗಿದ ಮೇಲೆ ಒಬ್ಬ ಶಿಕ್ಷಕಿ ಬಂದು ಕಾಲು ಮುಟ್ಟಿದಳು. ಎರಡು ಜಡೆ ಒಂದಾಗಿತ್ತು, ಕೊರಳಲ್ಲಿ ತಾಳಿ, ಕೈಯಲ್ಲಿ ಚೀಲ. ಅನ್ನಪೂರ್ಣ.

ಗಂಡ ಯಲಬುರ್ಗಾದ ತಾಲೂಕು ಕಚೇರಿಯಲ್ಲಿ ನೌಕರ, ಎರಡು ಮಕ್ಕಳು, ಅಪ್ಪ ಹೋಗಿ ಮೂರು ವರ್ಷ ಅಂದಳು. ಮರದ ಕೆಳಗೆ ಕಟ್ಟೆಯ ಮೇಲೆ ಕೂತೆವು. ನಾನು ತಡೆಯಲಾರದೆ ಕೇಳಿದೆ: "ಅವತ್ತಿಂದು ನೆನಪದ ಏನು? ನಾ ಅಷ್ಟು ಸುಳ್ಳ ಓದಲಿಲ್ಲಾಂದ್ರ ಏನಾಗತಿತ್ತೋ, ಅಲ್ಲೇನು?" ಅವಳಿಂದ ಒಂದು ಒಳ್ಳೆಯ ಮಾತು ಬೇಕಿತ್ತು ನನಗೆ, ಹನ್ನೆರಡು ಹದಿಮೂರು ವರ್ಷದಿಂದ ಬೇಕಿತ್ತು.

ಅವಳು ಚೀಲದ ಹಿಡಿಕೆಯನ್ನು ಬೆರಳಿಗೆ ಸುತ್ತಿದಳು. "ಅವನ ಕಾಲ ಉಳದ್ವು ಮೇಡಮ್. ಅದನ್ನ ಮರತಿಲ್ಲ. ಆದ್ರ ಅವತ್ತ ನಾ ಹೇಳಾಕ ತಯಾರಾಗಿ ನಿಂತಿದ್ದೆ. ಅಪ್ಪ ಕೇಳಿದ್ರ ಹೇಳತೀನಿ ಅಂತ ಬರದಿದ್ನಲ್ರಿ. ನೀವು ಓದಿ ಮುಗಿಸಿದ ಮ್ಯಾಲೆ ಅಪ್ಪ ನನ್ನ ಕೇಳಲೇ ಇಲ್ಲ. ಸಾಯೂತನಕ ಕೇಳಲಿಲ್ಲ. ನನ್ನ ಮಗಳು ಬಂಗಾರ ಅಂತಿದ್ದ."

"ಅಲ್ಲವ್ವಾ, ಅಂಥಾದ್ದು ನೋಟಬುಕ್ಕಿನಾಗ ಯಾಕ ಬರದಿ? ಅವನಿಗೆ ಬ್ಯಾರೆ ಕಾಗದ ಬರದು ಕೊಡಬೇಕಿಲ್ಲೇನು?" ಅಂತ ಸಿಟ್ಟಿನಿಂದಲೇ ಕೇಳಿದೆ. ಸಿಟ್ಟು ಯಾರ ಮೇಲೆ ಅಂತ ನನಗೆ ಗೊತ್ತಿತ್ತು.

ಅವಳು ಮೊದಲ ಸಲ ನಕ್ಕಳು. "ಯಮನೂರಗ ಇಂಗ್ಲಿಷ್ ಎಲ್ಲಿ ಬರತಿತ್ರಿ ಮೇಡಮ್? ಅದು ಅವನಿಗೆ ಬರದದ್ದಲ್ಲ. ಮನ್ಯಾಗ ಯಾರ ಮುಂದೂ ಹೇಳಂಗಿರಲಿಲ್ಲ. ನೀವು ಕ್ಲಾಸಿನಾಗ ಅಷ್ಟ ಛಂದ ಹೇಳತಿದ್ರಿ, ನೀವೊಬ್ರು ಓದಿ ಕರದು ಕೇಳತೀರಿ ಅಂತ ನಿಮಗ ಬರದಿದ್ದೆ. ನೀವು ಹತ್ತಕ್ಕ ಆರು ಕೊಟ್ರಿ."

ಬಸ್ಸು ಬಂತು. ಅವಳು ಮತ್ತೆ ಕಾಲು ಮುಟ್ಟಿ ಹತ್ತಿದಳು. ಕಿಟಕಿಯಿಂದ ಬಾಗಿ, "ನನ್ನ ಕ್ಲಾಸಿನಾಗ ನಾ ಕಥಿ ಹೇಳಂಗಿಲ್ಲ ಮೇಡಮ್. ಹುಡುಗ್ರು ಓದತಾರ, ನಾ ಕೇಳತೀನಿ" ಅಂದಳು.

ಅಂದಿನ ಕೋಣೆಯಲ್ಲಿ ಇವತ್ತು ಮತ್ತೆ ಕೂಡಿಸಿ, ಹೆಗಲ ಹಿಂದೆ ಶರಣಗೌಡನನ್ನು ನಿಲ್ಲಿಸಿದರೆ ಏನು ಓದುತ್ತೇನೋ ನನಗೆ ಗೊತ್ತಿಲ್ಲ. ಬಹುಶಃ ಅದೇ ಸುಳ್ಳು. ಆದರೆ ಅದಕ್ಕಿಂತ ಐದು ದಿನ ಮೊದಲಿನ ಸಂಜೆ ನನ್ನ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಹಿಂದೆ ಯಾರೂ ನಿಂತಿರಲಿಲ್ಲ, ಅವಸರವೂ ಇರಲಿಲ್ಲ. ನೋಟುಬುಕ್ಕು ನನ್ನ ಮುಂದೆ ತೆರೆದಿತ್ತು, ಹುಡುಗಿ ನನಗೆ ಹೇಳುತ್ತಿದ್ದಳು, ನಾನು ಕೆಂಪು ಪೆನ್ನು ಹಿಡಿದು ಭಾವನೆ ಸಾಲದು ಅಂತ ಬರೆದೆ.